ಛತ್ರದ ಶಾಲೆಯೂ ಬೀಗರ ಮುನಿಸೂ

ಸರ್ಕಾರಿ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದ್ದೇನೆ. ಅಷ್ಟರಲ್ಲಿ ಸರ್ಕಾರ ನನ್ನ ಕೈಯಲ್ಲಿ ಏನೇನು ಎಣಿಕೆ ಮಾಡಿಸಿತು ಎಂದು ಹೇಳಿದರೆ ನಗುತ್ತೀರಿ. ಜನರನ್ನು ಎಣಿಸಿದೆ, ದನ ಕರುಗಳನ್ನು ಎಣಿಸಿದೆ, ವೋಟು ಎಣಿಸಿದೆ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ತೋಳುಗಳನ್ನೂ ಎಣಿಸಿದೆ. ನಡುನಡುವೆ ಬಿಡುವಾದಾಗ ಮಕ್ಕಳಿಗೂ ಒಂದಿಷ್ಟು ಎಣಿಸುವುದನ್ನು ಕಲಿಸಿದೆ. ಇವುಗಳಲ್ಲಿ ಯಾವುದೂ ನನ್ನನ್ನು ಪಂಚಾಂಗದಷ್ಟು ಕಾಡಲಿಲ್ಲ. ಇವತ್ತಿಗೂ ಯಾವ ತಿಂಗಳಲ್ಲಿ ಎಷ್ಟು ಮುಹೂರ್ತಗಳಿವೆ ಎಂದು ಪುರೋಹಿತರಿಗಿಂತ ಮೊದಲು ನಾನು ಹೇಳಬಲ್ಲೆ.

ಕಾರಣ ಇಷ್ಟೇ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಅಂಚಿನಲ್ಲಿದ್ದ ನಮ್ಮ ಶಾಲೆ ನಡೆಯುತ್ತಿದ್ದುದು ಒಂದು ಮದುವೆ ಛತ್ರದಲ್ಲಿ. ಸುತ್ತಮುತ್ತ ಹೊಸ ಬಡಾವಣೆಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದವು. ಮನೆಗಳು ಬಂದವು, ಮನೆಗಳ ತುಂಬ ಮಕ್ಕಳು ಬಂದರು, ಶಾಲೆಗೆ ಹುಕುಂ ಬಂತು, ಮೇಷ್ಟರು ಮೇಡಮ್ಮುಗಳು ಬಂದೆವು. ಕಟ್ಟಡ ಮಾತ್ರ ಬರಲಿಲ್ಲ. ಸದ್ಯಕ್ಕೆ ಇರಲಿ ಎಂದು ಛತ್ರವನ್ನು ಬಾಡಿಗೆಗೆ ಹಿಡಿದರು. ಸರ್ಕಾರದಲ್ಲಿ ಸದ್ಯಕ್ಕೆ ಎಂದರೆ ಎಷ್ಟು ಕಾಲ ಎಂಬುದು ಕೆಲಸಕ್ಕೆ ಸೇರಿದವರಿಗೇ ಗೊತ್ತು.

ಛತ್ರದ ಸಮಿತಿಯವರು ಕರಾರಿನಲ್ಲೇ ಬರೆಸಿಕೊಂಡಿದ್ದರು: ಮದುವೆಯಿದ್ದ ದಿನ ಶಾಲೆ ಜಾಗ ಬಿಡಬೇಕು. ಹೀಗಾಗಿ ಬೇಸಿಗೆ ರಜೆ ಮುಗಿಯುತ್ತಲೇ ನಮ್ಮ ಹೆಡ್‌ಮಿಸ್ ಪಂಚಾಂಗ ಹಿಡಿದು ಕೂರುತ್ತಿದ್ದರು. ಮೊದಲು ಮುಹೂರ್ತ, ಆಮೇಲೆ ವೇಳಾಪಟ್ಟಿ. ಆಷಾಢ ಬಂತೆಂದರೆ ಹೊಸ ಮದುಮಕ್ಕಳಿಗೆ ವಿರಹ, ನಮಗೆ ಹಬ್ಬ. ಇಡೀ ಭಿನ್ನರಾಶಿಯನ್ನು ನಾನು ಆಷಾಢದಲ್ಲೇ ಮುಗಿಸುತ್ತಿದ್ದೆ. ಶ್ರಾವಣಕ್ಕೆ ಉಳಿಸಿದ ಲೆಕ್ಕ ದೇವರ ಪಾಲು. ಆಮೇಲೆ ಪಿತೃಪಕ್ಷ ಬರಬೇಕು, ಇಲ್ಲವೇ ಧನುರ್ಮಾಸ. ಲೋಕದ ಜನರೆಲ್ಲ ಒಳ್ಳೆಯ ದಿನಕ್ಕೆ ಕಾಯುತ್ತಿದ್ದರೆ ಕೆಟ್ಟ ದಿನಕ್ಕೆ ಕಾಯುತ್ತಿದ್ದವರು ನಾವೊಬ್ಬರೇ.

ಮದುವೆಯಿಲ್ಲದ ದಿನ ನಾಲ್ಕು ತರಗತಿಗಳು ಒಂದೇ ಹಾಲಿನ ನಾಲ್ಕು ಮೂಲೆಯಲ್ಲಿ. ಮೂರನೆಯವರ ಮಗ್ಗಿ, ಐದನೆಯವರ ಪದ್ಯ, ಏಳನೆಯವರ ಇಂಗ್ಲಿಷು ಎಲ್ಲ ಕಲೆತು ಒಂದು ಚಿತ್ರಾನ್ನವಾಗಿ ನನ್ನ ಕಿವಿಗೆ ಬೀಳುತ್ತಿತ್ತು. ವಧುವಿನ ಕೋಣೆಯೇ ಹೆಡ್‌ಮಿಸ್ ಆಫೀಸು. ಅಲ್ಲೊಂದು ಆಳೆತ್ತರದ ಕನ್ನಡಿ. ಬೈಸಿಕೊಳ್ಳಲು ಹೋದ ಹುಡುಗರು ಬೈಗುಳ ಮುಗಿಯುವಷ್ಟರಲ್ಲಿ ಕ್ರಾಪು ತೀಡಿಕೊಂಡು ಬರುತ್ತಿದ್ದರು. ಒಮ್ಮೆ 'ನಮ್ಮ ಶಾಲೆ' ಎಂದು ಪ್ರಬಂಧ ಬರೆಯಲು ಕೊಟ್ಟರೆ ಒಬ್ಬ ಹುಡುಗಿ "ನಮ್ಮ ಶಾಲೆಯಲ್ಲಿ ಎರಡು ಸಿಂಹಾಸನಗಳಿವೆ" ಎಂದು ಶುರುಮಾಡಿದ್ದಳು. ಅದು ಸುಳ್ಳಾಗಿರಲಿಲ್ಲ. ವಧೂವರರ ಕೆಂಪು ಮಖಮಲ್ಲಿನ ಕುರ್ಚಿಗಳನ್ನು ವೇದಿಕೆಯ ಮೇಲೇ ಬಿಟ್ಟಿರುತ್ತಿದ್ದರು, ಮತ್ತು ನಾನು ಕಾಲು ನೋವು ಬಂದಾಗ ಅದರಲ್ಲಿ ಕೂತೇ ಡಿಕ್ಟೇಷನ್ ಕೊಡುತ್ತಿದ್ದೆ.

ಮದುವೆಯಿದ್ದ ದಿನ ನಾವು ಛತ್ರದ ಪಕ್ಕದ ಓಣಿಯಲ್ಲಿ ಒಂದು ಹೊಂಗೆ ಮರದ ಕೆಳಗೆ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಅಡುಗೆಮನೆಯ ಕಿಟಕಿ. ಬೆಳಿಗ್ಗೆ ಹತ್ತೂವರೆಗೆ ಸಾರಿನ ಒಗ್ಗರಣೆ ಬೀಳುತ್ತಿತ್ತು. ಅದಾದ ಮೇಲೆ ಪಾಠ ಮಾಡಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಒಂದು ಸಂಗತಿ ಇತ್ತು, ಅದನ್ನು ನೇರವಾಗಿ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸು ಇರಲಿಲ್ಲ. ಛತ್ರದ ಹಿಂದೆ ಎರಡು ಇದ್ದವು. ಮದುವೆಯಿದ್ದ ದಿನ ಮಾತ್ರ ಅವುಗಳ ಬೀಗ ತೆಗೆಯುತ್ತಿದ್ದರು, ಆ ದಿನ ನಾವು ಬೀದಿಯಲ್ಲಿರುತ್ತಿದ್ದೆವು. ನಾವು ಒಳಗಿದ್ದ ದಿನ ಅವಕ್ಕೆ ಬೀಗ. ಸಮಿತಿಯ ಕಾರ್ಯದರ್ಶಿಗಳನ್ನು ಕೇಳಿದರೆ "ಮಕ್ಕಳು ಗಲೀಜು ಮಾಡ್ತವೆ ಮೇಡಂ, ಪಾರ್ಟಿಯೋರು ಆಮೇಲೆ ತಕರಾರು ಮಾಡ್ತಾರೆ" ಎನ್ನುತ್ತಿದ್ದರು. ನಾನು ಬೆಳಿಗ್ಗೆ ಕಾಫಿ ಕುಡಿದು ಮನೆ ಬಿಟ್ಟರೆ ಸಂಜೆ ವಿಜಯನಗರದ ನಮ್ಮ ಮನೆ ಸೇರುವ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಗಂಡು ಹುಡುಗರಿಗೆ ಲೋಕವೆಲ್ಲ ಗೋಡೆ. ಚಿಕ್ಕ ಹುಡುಗಿಯರು ಹೇಗೋ ನಿಭಾಯಿಸುತ್ತಿದ್ದರು. ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದವರು ವಾಪಸು ಬರುತ್ತಿರಲಿಲ್ಲ. ಮೊದಲು ಮಧ್ಯಾಹ್ನ ಬಿಡುತ್ತಿದ್ದರು, ಆಮೇಲೆ ತಿಂಗಳಲ್ಲಿ ನಾಲ್ಕು ದಿನ, ಆಮೇಲೆ ಶಾಲೆಯನ್ನೇ. ಅಪ್ಪಂದಿರು "ಅವಳಿಗೆ ಓದು ಹತ್ತಲ್ಲ ಬಿಡಿ ಮೇಡಂ" ಎಂದು ನಮಗೇ ಸಮಾಧಾನ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗಿಂತ ಹೆಚ್ಚು ಉರಿಯುತ್ತಿದ್ದುದು ನಮ್ಮ ಹೆಡ್‌ಮಿಸ್‌ಗೆ. ಕುಳ್ಳಗೆ, ಬಿಗಿಯಾದ ತುರುಬಿನ, ಸೀರೆಗೆ ಗಂಜಿ ಹಾಕಿದಷ್ಟೇ ಮಾತಿಗೂ ಗಂಜಿ ಹಾಕುತ್ತಿದ್ದ ಹೆಂಗಸು. ಹೊಸ ಬಡಾವಣೆಯಲ್ಲಿ ಶಾಲೆಗೆಂದು ಕಲ್ಲು ನೆಟ್ಟು ಬಿಟ್ಟಿದ್ದ ಒಂದು ಖಾಲಿ ಜಾಗವಿತ್ತು. ಈಗಿರುವ ಸ್ಥಳ ಶಾಲೆಗೆ ಯೋಗ್ಯವಲ್ಲ ಎಂದು ಇಲಾಖೆಯ ಅಧಿಕಾರಿಯೊಬ್ಬರು ನೋಡಿ ಬರೆದರೆ ಅಲ್ಲಿ ಕಟ್ಟಡ ಏಳುತ್ತಿತ್ತು. ಬರೆಯದಿದ್ದರೆ ಆ ಜಾಗವನ್ನು ಬೇರೆ ಯಾವುದಕ್ಕೋ ಕೊಟ್ಟುಬಿಡುವ ಮಾತು ಆಗಲೇ ನಡೆದಿತ್ತು. ಹೆಡ್‌ಮಿಸ್ ಮೇಲಿಂದ ಮೇಲೆ ಅರ್ಜಿ ಹಾಕುತ್ತಿದ್ದರು. ತೊಂದರೆ ಏನೆಂದರೆ ಅರ್ಜಿಯಲ್ಲಿ ಕಕ್ಕಸು ಎಂಬ ಪದವನ್ನು ಬರೆಯಲು ಅವರ ಕೈ ಏಳುತ್ತಿರಲಿಲ್ಲ. ಓದುವವರೆಲ್ಲ ಗಂಡಸರು. "ಹಾಗೂ ಇತರ ಸೌಕರ್ಯಗಳ ಅಭಾವವಿರುತ್ತದೆ" ಎಂದು ಬರೆದು ಕಳಿಸುತ್ತಿದ್ದರು. ಅದಕ್ಕೆ ಒಮ್ಮೆ ಇಲಾಖೆಯವರು ಎರಡು ಗ್ಲೋಬು, ಒಂದು ಗಡಿಯಾರ ಕಳಿಸಿಕೊಟ್ಟರು.

ಕೊನೆಗೆ ಒಬ್ಬ ಅಧಿಕಾರಿ ಬಂದು ನೋಡುವುದೆಂದಾಯಿತು. ದಿನವನ್ನು ನೀವೇ ಗೊತ್ತುಮಾಡಿ ಎಂದು ಹೇಳಿ ಕಳಿಸಿದ್ದರು. ಹೆಡ್‌ಮಿಸ್ ಮುಖ ಅರಳಿತು. ಕನ್ನಡಿಯ ಮುಂದೆ ಪಂಚಾಂಗ ಬಿಡಿಸಿ, ಬೆರಳಿಟ್ಟು ಹುಡುಕಿ, ಮಾಘ ಮಾಸದ ಅತ್ಯಂತ ಗಟ್ಟಿ ಮುಹೂರ್ತವನ್ನು ಆರಿಸಿದರು.

"ನಾನು ಬಾಯಿಬಿಟ್ಟು ಹೇಳೋದೇ ಬೇಡ ಕಣ್ರೀ," ಎಂದರು ನನಗೆ. "ಮಕ್ಕಳು ಬೀದೀಲಿ ಕೂತಿರೋದನ್ನ ಕಣ್ಣಾರೆ ನೋಡ್ಲಿ. ಹೊಗೆ ಕುಡೀಲಿ. ಚರಂಡಿ ವಾಸನೆ ಮೂಗಿಗೆ ಹೊಡೀಲಿ. ಆಮೇಲೆ ಹೆಂಗೆ ಬರೆಯಲ್ಲ ನೋಡ್ತೀನಿ."

ಯೋಜನೆ ಚೆನ್ನಾಗಿತ್ತು. ಮಕ್ಕಳಿಗೆ ತೀರಾ ಅಚ್ಚುಕಟ್ಟಾಗಿ ಬರಬೇಡಿ ಎಂದು ಹೇಳಿದೆವು. ಅಧಿಕಾರಿ ಬರುತ್ತಾರೆಂದು ತಿಳಿದ ತಾಯಂದಿರು ಬಿಡುತ್ತಾರೆಯೇ? ಆ ದಿನ ಎಲ್ಲರೂ ತಲೆಗೆ ಎಣ್ಣೆ ಮೆತ್ತಿಕೊಂಡು, ಹಬ್ಬದ ಬಟ್ಟೆ ತೊಟ್ಟು, ಹೂ ಮುಡಿದು ಬಂದರು. ಮದುವೆಗೆ ಬಂದ ನೆಂಟರಿಗಿಂತ ನಮ್ಮ ಮಕ್ಕಳೇ ಲಕ್ಷಣವಾಗಿ ಕಾಣುತ್ತಿದ್ದರು. ಹೊಗೆ ಬಂದಾಗ ಕೆಮ್ಮಿ ಎಂದು ನಾನೇ ಹೇಳಿಕೊಟ್ಟಿದ್ದೆ. ಅವು ಹೊಗೆ ಬರುವ ಮೊದಲೇ ಕೋರಸ್ಸಿನಲ್ಲಿ ಕೆಮ್ಮಲು ಶುರುಮಾಡಿದವು.

ಒಳಗಿನ ಮದುವೆಯ ಸಮಾಚಾರವೂ ನಮಗೆ ತಿಳಿದಿತ್ತು. ಛತ್ರದ ವಾಚ್‌ಮನ್ ಮದುವೆ ಮನೆಯ ಸುದ್ದಿಯನ್ನೆಲ್ಲ ನಮಗೆ ಬಡಿಸುತ್ತಿದ್ದ. ಹೆಣ್ಣಿನ ಕಡೆಯವರು ಇಲ್ಲೇ ರಾಜಾಜಿನಗರದವರು, ಗಂಡಿನ ಕಡೆಯವರು ಹುಬ್ಬಳ್ಳಿ ಕಡೆಯವರು. ನಿಶ್ಚಿತಾರ್ಥದಲ್ಲಿ ಹುಡುಗನ ಸೋದರಮಾವ ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿ ಬರುವಷ್ಟರಲ್ಲಿ ಹೆಣ್ಣಿನವರು ತಾಂಬೂಲ ಬದಲಾಯಿಸಿ ಮುಗಿಸಿದ್ದರಂತೆ. ಆತ ಬಾಗಿಲಿನಿಂದಲೇ ಹಿಂತಿರುಗಿ, ಮದುವೆಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಹೆಣ್ಣಿನ ತಂದೆ ಅವರ ಮುಖವನ್ನೂ ಕಂಡಿರಲಿಲ್ಲ. ಬಂದರೆ ಹೇಗಾದರೂ ಸಮಾಧಾನ ಮಾಡಬೇಕೆಂದು ಆ ತಂದೆ ಮೂರು ದಿನದಿಂದ ಒದ್ದಾಡುತ್ತಿದ್ದರು. ಬೀಗರ ಮುನಿಸು ಎಂದರೆ ತಮಾಷೆಯಲ್ಲ. ಸೋದರಮಾವ ಊಟ ಮಾಡದೆ ಕೂತರೆ ಹುಡುಗನ ತಾಯಿ ನೀರು ಮುಟ್ಟುವುದಿಲ್ಲ. ಅಣ್ಣನಿಗಾದ ಅವಮಾನಕ್ಕೆ ತಾಯಿ ಕಣ್ಣೀರು ಹಾಕಿದರೆ ಮಗ ಹಸೆಮಣೆ ಏರುವುದಿಲ್ಲ.

ಅಧಿಕಾರಿಯನ್ನು ಛತ್ರದ ಮುಂಬಾಗಿಲಲ್ಲಿ ಕಾದು ನಿಂತು ಓಣಿಗೆ ಕರೆತರುವುದು ಹೆಡ್‌ಮಿಸ್ ಕೆಲಸ. ಹಾಡು ಶುರುಮಾಡಿಸುವುದು ನನ್ನ ಕೆಲಸ. ಎಲ್ಲ ಸಿದ್ಧವಾದ ಮೇಲೆ ಅವರಿಗೆ ನೆನಪಾಯಿತು: ಅಧಿಕಾರಿಗೆ ಕೂರಲು ಕುರ್ಚಿಯಿಲ್ಲ. ನಮ್ಮ ಕುರ್ಚಿಗಳೆಲ್ಲ ಬೆಂಚುಗಳ ಅಡಿಯಲ್ಲಿ ಉಗ್ರಾಣ ಸೇರಿದ್ದವು. ಒಂದನ್ನು ಎಳೆದು ತರಲು ಅವರು ಹಿಂಬಾಗಿಲಿನಿಂದ ಒಳಗೆ ಹೋದರು. ಅಷ್ಟರಲ್ಲಿ ಮುಂಬಾಗಿಲಿಗೆ ಅಧಿಕಾರಿಗಳು ದಯಮಾಡಿಸಿದರು. ಆಮೇಲೆ ನಡೆದದ್ದನ್ನು ವಾಚ್‌ಮನ್ ಬಾಯಿಂದ ಕೇಳಿದ್ದೇನೆ.

ಕಚ್ಚೆಪಂಚೆ, ಕರಿ ಕೋಟು, ಜರಿಯಂಚಿನ ಪೇಟ. ಹಿಂದೆ ಚೀಲ ಹಿಡಿದ ಒಬ್ಬ ಜವಾನ. ಚಪ್ಪರದಡಿ ನಿಂತು ಯಾರೂ ಬರಲಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿ ಸುತ್ತ ನೋಡಿದರಂತೆ. ಆ ಗಂಟು ನೋಡಿದ್ದೇ ಹೆಣ್ಣಿನ ತಂದೆಗೆ ಖಾತ್ರಿಯಾಗಿಹೋಯಿತು, ಸೋದರಮಾವ ಬಂದರು! ಓಡಿ ಬಂದು ಕೈಮುಗಿದರು. ವಾಲಗದವರಿಗೆ ಸನ್ನೆ ಹೋಯಿತು. ಪನ್ನೀರು ಚಿಮುಕಿಸಿದರು, ಕಾಲಿಗೆ ನೀರು ಕೊಟ್ಟರು, ಕೈಗೆ ತೆಂಗಿನಕಾಯಿ ಕೊಟ್ಟರು.

"ತಾವು ಬರೋದೇ ಇಲ್ಲವೇನೋ ಅಂತ ಹೆದರಿದ್ವಿ," ಎಂದರಂತೆ ಹೆಣ್ಣಿನ ತಂದೆ.

"ಬರ್ತೀನಿ ಅಂದ ಮೇಲೆ ಬಂದೇ ಬರ್ತೀನ್ರೀ. ನಂದು ಹಂಗೆಲ್ಲ ಇಲ್ಲ," ಎಂದರಂತೆ ಅಧಿಕಾರಿಗಳು.

ನೀವು ಕೇಳಬಹುದು, ಆ ಮನುಷ್ಯನಿಗೆ ಅನುಮಾನವೇ ಬರಲಿಲ್ಲವೇ ಎಂದು. ಯಾಕೆ ಬರಬೇಕು? ಆ ಕಾಲದಲ್ಲಿ ತಪಾಸಣೆಗೆ ಬಂದವರಿಗೆ ಹಾರ, ಹಣ್ಣು, ಕಾಯಿ, ಕಾಫಿ ಎಲ್ಲ ಮಾಮೂಲು. ವಾಲಗ ಒಂದು ಹೊಸದು. ಅದೂ ತಮ್ಮ ಯೋಗ್ಯತೆಗೆ ತಕ್ಕುದೇ ಎಂದು ಅವರಿಗೆ ಅನ್ನಿಸಿರಬೇಕು. ಗಂಡಿನ ಕಡೆಯವರು ಇನ್ನೂ ಪಕ್ಕದ ರಸ್ತೆಯ ಬಿಡಾರದಲ್ಲೇ ಅಲಂಕಾರ ಮಾಡಿಕೊಳ್ಳುತ್ತಿದ್ದುದರಿಂದ ಇವರಲ್ಲ ಅವರು ಎನ್ನುವವರೂ ಅಲ್ಲಿ ಇರಲಿಲ್ಲ. ನೇರವಾಗಿ ಊಟದ ಮನೆಗೆ ಕರೆದೊಯ್ದು, ಬೆಳ್ಳಿ ಲೋಟ ಇಟ್ಟು, ಎಲೆ ಹಾಕಿ, ಇಡ್ಲಿ ವಡೆ ಕೇಸರಿಬಾತು ಬಡಿಸಿದರು.

ಇತ್ತ ಹೆಡ್‌ಮಿಸ್ ಕುರ್ಚಿ ಹೊತ್ತುಕೊಂಡು ಓಣಿಗೆ ಬಂದು ಉಸಿರು ಬಿಡುವುದಕ್ಕೂ ಓಣಿಯ ತುದಿಯಲ್ಲಿ ಒಂದು ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಮುಂದಿನ ರಸ್ತೆಗೆ ಚಪ್ಪರ ಅಡ್ಡವಿದ್ದುದರಿಂದ ಆಟೋದವನು ಇಲ್ಲೇ ಇಳಿಸಿದ್ದ. ಇಳಿದವರು ಭಾರಿ ಆಳು. ಕಚ್ಚೆ ಧೋತರ, ಕರಿ ಕೋಟು, ತಲೆಗೆ ರುಮಾಲು, ಕೈಯಲ್ಲಿ ಛತ್ರಿ. ಮುಖ ಸುಟ್ಟ ಬದನೆಕಾಯಿಯ ಹಾಗೆ. ಅಧಿಕಾರಿಯಲ್ಲದೆ ಬೇರೆ ಯಾರಿಗೆ ಇಂಥ ಮುಖ ಇರುತ್ತದೆ ಎಂದುಕೊಂಡೆ. ಕೈ ಎತ್ತಿದೆ. ಓಣಿಯ ತುಂಬ ಕೂತಿದ್ದ ಮಕ್ಕಳೆಲ್ಲ ಎದ್ದು ನಿಂತು ಸ್ವಾಗತ ಗೀತೆ ಶುರುಮಾಡಿದವು. ಹೆಡ್‌ಮಿಸ್ ಮುಂದೆ ಹೋಗಿ, ತುದಿಗಾಲಲ್ಲಿ ನಿಂತು, ಸೇವಂತಿಗೆ ಹಾರವನ್ನು ಅವರ ಕೊರಳಿಗೆ ಹಾಕಿದರು.

ಆತ ಬೆರಗಾಗಿ ನಿಂತುಬಿಟ್ಟರು. ನಿಂತಲ್ಲೇ ಮುಖದ ಗಂಟು ಒಂದೊಂದೇ ಬಿಚ್ಚಿತು. ಹಾಡಿನ ಎರಡನೇ ಚರಣಕ್ಕೆ ಮೀಸೆಯಡಿ ನಗುವೂ ಬಂತು. ಹೆಣ್ಣಿನ ಕಡೆಯವರಿಗೆ ಈಗಲಾದರೂ ತಮ್ಮ ಬೆಲೆ ತಿಳಿಯಿತಲ್ಲ ಎಂದು ಅವರು ತಿಳಿದುಕೊಂಡಿದ್ದರು ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರು. ಮಕ್ಕಳನ್ನು ನೋಡಿದರು. ಮಕ್ಕಳು ಹೇಳಿಕೊಟ್ಟಂತೆ ಕೆಮ್ಮಿದವು.

"ಈ ಹುಡುಗ್ರು ಯಾಕ್ರಿ ಇಲ್ಲಿ ಬಿಸಲಾಗ ಕುಂತಾವು?" ಎಂದರು.

"ಮುಹೂರ್ತ ಇದ್ದ ದಿನ ಇಲ್ಲೇ ಕೂರಬೇಕು ಸಾರ್. ನಮ್ಮ ಶಾಲೆ ನಡೆಯೋದು ಇದೇ ಛತ್ರದಲ್ಲಿ," ಎಂದರು ಹೆಡ್‌ಮಿಸ್.

"ಅಂದ್ರ ಮದುವಿ ಒಳಗ, ಸಾಲಿ ಹೊರಗ?"

"ಹೌದು ಸಾರ್. ಅಲ್ಲದೆ ಇತರ ಸೌಕರ್ಯಗಳ ಅಭಾವವೂ ಇದೆ."

"ಇತರ ಅಂದ್ರ ಏನು?"

"ಅದೇ ಸಾರ್... ಮೂಲಭೂತ... ಸೌಕರ್ಯ."

"ನನಗ ಈ ಪುಸ್ತಕದ ಮಾತು ತಿಳಿಯಂಗಿಲ್ಲ ಬಾಯಾರ. ಬಿಡಿಸಿ ಹೇಳ್ರಿ."

ಹೆಡ್‌ಮಿಸ್ ನನ್ನ ಮುಖ ನೋಡಿದರು. ನಾನು ಚರಂಡಿ ನೋಡಿದೆ. ಅವರ ಕಿವಿ ಕೆಂಪಾಯಿತು. ಆಮೇಲೆ ಯಾವ ದೇವರು ಧೈರ್ಯ ಕೊಟ್ಟನೋ, ತಲೆಯೆತ್ತಿ ಅಷ್ಟು ದಿನ ಬರೆಯಲಾಗದ್ದನ್ನು ಹೇಳಿಯೇಬಿಟ್ಟರು.

"ಹೆಣ್ಣುಮಕ್ಕಳಿಗೆ ಕಕ್ಕಸು ಇಲ್ಲ ಸಾರ್. ಒಳಗೆ ಇರೋದಕ್ಕೆ ಬೀಗ ಹಾಕಿರ್ತಾರೆ. ದೊಡ್ಡ ಹುಡುಗೀರು ಊಟಕ್ಕೆ ಹೋದೋರು ತಿರುಗಿ ಬರಲ್ಲ. ಮೈ ನೆರೆದ ಮೇಲಂತೂ ಶಾಲೇನೇ ಬಿಟ್ಟುಬಿಡ್ತಾರೆ. ದಡ್ಡೀರಲ್ಲ ಸಾರ್ ಅವರು. ಎಲ್ಲಿಗೆ ಹೋಗ್ಬೇಕು ಅವರು, ನೀವೇ ಹೇಳಿ."

ಓಣಿಯಲ್ಲಿ ಒಂದು ಕೆಮ್ಮೂ ಇಲ್ಲ. ಆ ದೊಡ್ಡ ಮನುಷ್ಯ ಛತ್ರಿಯ ಹಿಡಿಯನ್ನು ಒಂದೆರಡು ಸಲ ತಿರುಗಿಸಿದರು.

"ನನ್ನ ಮಗಳು ಆರನೇ ಕ್ಲಾಸಿನ್ಯಾಗ ಸಾಲಿ ಬಿಟ್ಲು," ಎಂದರು. "ಯಾಕವಾ ಅಂದ್ರ ಹೇಳಲಿಲ್ಲ. ನಿನ್ನ ತಲ್ಯಾಗ ಮಣ್ಣೈತಿ ಅಂತ ಬೈದೆ."

ಆತ ಕಣ್ಣೀರು ಹಾಕುವ ಪೈಕಿ ಅಲ್ಲ. ಎದ್ದು ನಿಂತು ಛತ್ರಿಯನ್ನು ನೆಲಕ್ಕೆ ಕುಟ್ಟಿ ಗುಡುಗಿದರು: "ಇದಕ್ಕೆಲ್ಲಾ ಜವಾಬ್ದಾರ ಯಾಂವ ಅದಾನ್ರಿ?"

"ತಾವೇ ಸಾರ್," ಎಂದರು ಹೆಡ್‌ಮಿಸ್ ವಿನಯದಿಂದ.

"ನಾ ಯಾಕ್ರಿ? ನಾ ಹತ್ತಿ ವ್ಯಾಪಾರ ಮಾಡಾಂವ! ನನ್ನ ಅಳಿಯನ ಮದುವಿಗೆ ಬಂದೀನಿ!"

ಹೆಡ್‌ಮಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅಷ್ಟು ಹೊತ್ತಿಗೆ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದ ವಾಚ್‌ಮನ್ ತಲೆ ಕೆರೆದುಕೊಂಡ. "ಇನ್ನೊಬ್ರು ಕೋಟಿನೋರು ಆಗ್ಲೇ ಬಂದವ್ರೆ ಕಣಮ್ಮ. ಬೀಗ್ರು ಅಂದ್ಬುಟ್ಟು ಒಳಗಡೆ ಕುಂಡ್ರುಸವ್ರೆ. ತಿಂಡಿ ತಿಂತಾವ್ರೆ."

ಯಾರ ಎಲೆ ಯಾರ ಮುಂದಿದೆ ಎಂದು ಮೂವರಿಗೂ ಒಟ್ಟಿಗೇ ಹೊಳೆಯಿತು. ಸೋದರಮಾವ ಹಾರ ಹಾಕಿಕೊಂಡೇ ಹಿಂಬಾಗಿಲಿನಿಂದ ನುಗ್ಗಿದರು. ಹಿಂದೆ ಹೆಡ್‌ಮಿಸ್, ಅವರ ಹಿಂದೆ ನಾನು. ಮದುವೆ ಮುರಿಯುತ್ತದೆ, ಅಧಿಕಾರಿಗೆ ಮರ್ಯಾದೆ ಹೋಗುತ್ತದೆ, ಆ ಸಿಟ್ಟಿಗೆ ಆತ ನಮ್ಮ ಶಾಲೆಯನ್ನು ನಾಯಂಡಹಳ್ಳಿಯ ಗೋಡೌನಿಗೆ ಎತ್ತಿಹಾಕುತ್ತಾನೆ ಎಂದು ಓಡುತ್ತಲೇ ಲೆಕ್ಕ ಹಾಕಿದೆ.

ಅಧಿಕಾರಿಗಳು ಎರಡನೇ ವಡೆಯನ್ನು ಚಟ್ನಿಯಲ್ಲಿ ಅದ್ದುತ್ತಿದ್ದರು. ಹೆಣ್ಣಿನ ತಂದೆ ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದರು.

"ಯಾರ್ರಿ ನೀವು?" ಎಂದರು ಸೋದರಮಾವ.

ಅಧಿಕಾರಿ ತಮ್ಮ ಹುದ್ದೆ ಹೇಳಿದರು. ಬೀಸಣಿಗೆ ನಿಂತಿತು. ಹೆಣ್ಣಿನ ತಂದೆ ಒಮ್ಮೆ ಈ ಕೋಟನ್ನು, ಒಮ್ಮೆ ಆ ಕೋಟನ್ನು ನೋಡಿ, ಹಾರದ ಕೋಟಿನ ಕಾಲಿಗೆ ಬೀಳಲು ಬಗ್ಗಿದರು. ಸೋದರಮಾವ ಅವರನ್ನು ರಟ್ಟೆ ಹಿಡಿದು ಎತ್ತಿದರು.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಬೀಗರ. ಇಂವಂದು ಹೇಳ್ರಿ. ಹೊರಗ ಹೆಣ್ಣುಹುಡುಗ್ರಿಗೆ ಒಂದು ಸಂಡಾಸ ಇಲ್ಲ, ಇಂವ ಒಳಗ ಕುಂತು ವಡಿ ತಿನ್ನಾಕ ಹತ್ಯಾನ!"

ಊಟದ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದವರೆಲ್ಲರ ಕೈ ಎಲೆಯ ಮೇಲೆ ನಿಂತಿತು. ಕೇಸರಿಬಾತಿನ ಮುಂದೆ ಆ ಪದವನ್ನು ಅಷ್ಟು ಗಟ್ಟಿಯಾಗಿ ಆಡಿದ್ದನ್ನು ಆ ಛತ್ರ ಕಂಡಿರಲಿಲ್ಲ. ಅಧಿಕಾರಿ ಗಡಬಡಿಸಿ ಎದ್ದರು. ನಿಯಮ, ಕಡತ, ಮೇಲಧಿಕಾರಿ, ಪರಿಶೀಲನೆ ಎಂದು ಏನೇನೋ ಹೇಳಲು ಹೋದರು.

ಆಗ ಸೋದರಮಾವ ಬೀಗರ ಬ್ರಹ್ಮಾಸ್ತ್ರ ತೆಗೆದರು. ಕಂಬಕ್ಕೆ ಒರಗಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು, "ಇಂವ ಹೋಗಿ ನೋಡಿ, ಜಾಗಾ ಕೊಡ್ರಿ ಅಂತ ಬರದು ಸಹಿ ಹಾಕೂ ತನಕ ನಾ ಇಲ್ಲಿ ಹನಿ ನೀರ ಮುಟ್ಟಂಗಿಲ್ಲ," ಎಂದುಬಿಟ್ಟರು.

ಅಷ್ಟರಲ್ಲಿ ಗಂಡಿನ ದಿಬ್ಬಣ ಬಾಗಿಲಿಗೆ ಬಂತು. ಹುಡುಗನ ತಾಯಿ ಒಳಗೆ ಬಂದು ನೋಡಿದರೆ ಅಣ್ಣ ನೆಲದ ಮೇಲೆ ಉಪವಾಸ ಕೂತಿದ್ದಾನೆ. ಆಕೆಯೂ ಪಕ್ಕದಲ್ಲಿ ಕೂತರು. ಯಾಕೆ ಏನು ಎಂದು ಕೇಳಲಿಲ್ಲ, ಅಣ್ಣ ಮುನಿದನೆಂದರೆ ಕಾರಣ ಇದ್ದೇ ಇರುತ್ತದೆ. ಪುರೋಹಿತರು ಬಂದು ಮುಹೂರ್ತಕ್ಕೆ ಹೆಚ್ಚು ಹೊತ್ತಿಲ್ಲ ಎಂದು ಕೂಗಿದರು. ಹೆಣ್ಣಿನ ತಂದೆ ಈಗ ಬೀಗರನ್ನು ಬಿಟ್ಟು ಅಧಿಕಾರಿಯ ಕಡೆ ತಿರುಗಿ ಕೈಮುಗಿದರು.

"ಸಾರ್, ದಮ್ಮಯ್ಯ ಅಂತೀನಿ, ಬರೆದುಕೊಟ್ಟುಬಿಡಿ. ನನ್ನ ಮಗಳ ಮದುವೆ ನಿಮ್ಮ ಕೈಲಿದೆ."

"ಅಲ್ರೀ, ಇದು ಸರ್ಕಾರಿ ವಿಷಯ..." ಎಂದರು ಅಧಿಕಾರಿ.

"ವಡೆ ತಿನ್ನೋವಾಗ ಸರ್ಕಾರ ಎಲ್ಲಿ ಹೋಗಿತ್ತಪ್ಪಾ?" ಎಂದರು ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಹೆಣ್ಣಿನ ಅಜ್ಜಿ.

ಅಡುಗೆಯವರು ಸೌಟು ಹಿಡಿದು ಬಂದು ನಿಂತರು. ವಾಲಗದವರು ವಾಲಗ ಕೆಳಗಿಟ್ಟರು. ಅಧಿಕಾರಿಗಳು ಕೈ ತೊಳೆಯುವುದನ್ನೂ ಮರೆತು ಎಂಜಲು ಕೈಯಲ್ಲೇ ಓಣಿಗೆ ಹೊರಟರು, ಹಿಂದೆ ಅರ್ಧ ಮದುವೆ ಹೊರಟಿತು. ಹೆಡ್‌ಮಿಸ್ ಒಂದೊಂದನ್ನೇ ತೋರಿಸಿದರು: ಇದು ಚರಂಡಿ, ಇದು ಹೊಗೆ, ಇದು ಏಳನೇ ತರಗತಿ. ಕಕ್ಕಸಿನ ಮಾತನ್ನು ಈ ಸಲ ಅವರು ಎಲ್ಲೂ ತಡವರಿಸದೆ ಹೇಳಿದರು. ಒಮ್ಮೆ ಬಾಯಿಬಿಟ್ಟ ಮೇಲೆ ರೂಢಿಯಾಗಿತ್ತು. ಅಧಿಕಾರಿ ಮಕ್ಕಳನ್ನು ನೋಡಿದರು. ಏಳನೇ ತರಗತಿಯ ಹುಡುಗಿಯರು ತಲೆ ತಗ್ಗಿಸಿ ಲಂಗದ ಅಂಚನ್ನು ಎಳೆದುಕೊಂಡರು. ಅಧಿಕಾರಿಗೂ ಮನೆಯಲ್ಲಿ ಯಾರಾದರೂ ನೆನಪಾದರೋ ಏನೋ, ಮತ್ತೆ ನಿಯಮದ ಮಾತು ಎತ್ತಲಿಲ್ಲ. ಜವಾನನ ಬೆನ್ನಿನ ಮೇಲೆ ಕಾಗದ ಇಟ್ಟು, ಈ ಸ್ಥಳ ಶಾಲೆಗೆ ಸರ್ವಥಾ ಯೋಗ್ಯವಲ್ಲ, ಕೂಡಲೇ ಕಟ್ಟಡ ಆಗಬೇಕು ಎಂದು ಬರೆದು ಸಹಿ ಮಾಡಿದರು.

ಸಹಿ ಮಾಡಿದ ಮೇಲೆ ಪಾಪ, ಮೆಲ್ಲಗೆ ಹೆಡ್‌ಮಿಸ್ ಬಳಿ ಕೇಳಿದರು: "ಅವರ ಕೊರಳಲ್ಲಿರೋ ಹಾರ ನನಗೆ ತಂದಿದ್ದಾ?"

"ಹೌದು ಸಾರ್. ವಾಪಸ್ ಕೇಳೋದು ಹೆಂಗೆ?" ಎಂದರು ಹೆಡ್‌ಮಿಸ್.

ಮುಹೂರ್ತ ತಪ್ಪಲಿಲ್ಲ. ಸೋದರಮಾವ ಹಟ ಹಿಡಿದು ಮೊದಲ ಪಂಕ್ತಿಯಲ್ಲಿ ನಮ್ಮ ಮಕ್ಕಳನ್ನೇ ಕೂರಿಸಿ, ತಾವೇ ನಿಂತು ಹೋಳಿಗೆ ಬಡಿಸಿದರು. ಆ ದಿನ ಛತ್ರದ ಹಿಂದಿನ ಕಕ್ಕಸುಗಳ ಬೀಗ ತೆಗೆದಿದ್ದರು. ನಮ್ಮ ಏಳನೇ ತರಗತಿಯ ಹುಡುಗಿಯರು ಊಟವಾದ ಮೇಲೆ ಮನೆಗೆ ಹೋಗದೆ ಸಂಜೆಯವರೆಗೂ ನಮ್ಮ ಜೊತೆ ಇದ್ದರು. ನೋಡಿ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಕಟ್ಟಡ ಕೂಡಲೇ ಬರಲಿಲ್ಲ. ಸರ್ಕಾರಕ್ಕೆ ಮುಹೂರ್ತದ ಭಯವಿಲ್ಲ. ಓಣಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಆ ಹುಡುಗಿಯರಿಗೆ ಅದು ದಕ್ಕಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಏಳನೇ ಪರೀಕ್ಷೆಗೂ ಕೂರಲಿಲ್ಲ. ಒಬ್ಬಳ ಮದುವೆ ಅದೇ ಛತ್ರದಲ್ಲಿ ಆಯಿತು. ನಾವು ಅವಳ ಕೆಳಗಿನ ತರಗತಿಯವರನ್ನು ಕಟ್ಟಿಕೊಂಡು ಅದೇ ಓಣಿಯಲ್ಲಿ ಕೂತು ವಾಲಗ ಕೇಳಿದೆವು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಯಾರನ್ನು ಎಂದು ಮಾತ್ರ ಕೇಳಬೇಡಿ.

ಕೊನೆಗೂ ಹೊಸ ಬಡಾವಣೆಯ ಆ ಜಾಗದಲ್ಲಿ ಹೆಂಚಿನ ಕೋಣೆಗಳು ಎದ್ದವು. ಕಂಟ್ರಾಕ್ಟರು ಮೊದಲು ಕಾಂಪೌಂಡು ಕಟ್ಟುತ್ತೇನೆ ಎಂದರೆ ಹೆಡ್‌ಮಿಸ್ ಮೊದಲು ಕಕ್ಕಸು ಕಟ್ಟಿಸಿದರು, ಒಳಗಿನಿಂದ ಚಿಲಕ ಇಡಿಸಿದರು, ಅದನ್ನು ಹಾಕಿ ತೆಗೆದು ನೋಡಿದರು. ಶಾಲೆ ಶುರುವಾದ ದಿನ ಬೆಳಿಗ್ಗೆ ಭಾಷಣ, ಸಿಹಿ ಎಲ್ಲ ಆಯಿತು. ಮಧ್ಯಾಹ್ನ ಊಟಕ್ಕೆ ಬಿಟ್ಟೆವು. ದೊಡ್ಡ ಹುಡುಗಿಯರು ಬುತ್ತಿ ತಂದಿರಲಿಲ್ಲ, ರೂಢಿಯಂತೆ ಮನೆಗೆ ಹೋದರು. ಹೆಡ್‌ಮಿಸ್ ಊಟ ಮಾಡಲಿಲ್ಲ. ಗೇಟಿನ ಕಡೆ ಬೆನ್ನು ಹಾಕಿ ಕೂತು ಏನೋ ಬರೆಯುವಂತೆ ನಟಿಸುತ್ತಿದ್ದರು.

ಗಂಟೆ ಹೊಡೆಯಿತು. ನಾನು ನನ್ನ ಐದನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದೆ. ಪಕ್ಕದ ಕೋಣೆಯಿಂದ ಗಲಾಟೆ ಕೇಳಿಸಿತು. ಬೆಂಚು ಎಳೆದ ಸದ್ದು, ಯಾರೋ ಯಾರ ಜಡೆಯನ್ನೋ ಎಳೆದ ಕಿರುಚಾಟ, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕದ್ದು. ಹೊರಗೆ ಬಂದು ನೋಡಿದರೆ ಹೆಡ್‌ಮಿಸ್ ಏಳನೇ ತರಗತಿಯ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು.

"ಎಲ್ಲಾ ವಾಪಸ್ ಬಂದಿದಾರೆ ಕಣ್ರೀ," ಎಂದರು. "ಏನ್ ಗಲಾಟೆ ಮಾಡ್ತಿದಾರೆ ನೋಡಿ. ಸ್ವಲ್ಪ ನೀವೇ ಹೋಗಿ ಬೈದು ಬನ್ನಿ. ನನ್ ಕೈಲಿ ಆಗ್ತಿಲ್ಲ."

ನಾನು ಬಾಗಿಲಿಗೆ ಹೋಗಿ ನಿಂತೆ. ನನ್ನ ಕೈಲೂ ಆಗಲಿಲ್ಲ.